ಏಳು ಜನ ಕೂತ ತಿಂಗಳು

ಫಲಜ್ ದಾಟಿ, ಸೊಹಾರ್ ಬಂದರಿನ ಚಿಮಣಿ ಕಾಣುವಷ್ಟು ದೂರದಲ್ಲಿ
ನಮ್ಮ ಕ್ಯಾಂಪು. ತಲೆ ಎಣಿಸಿದರೆ ನಾಲ್ಕು ಸಾವಿರದ ಒಂಬೈನೂರು.
ಅದರಲ್ಲಿ ಶೇಕಡಾ ಒಂದು, ನಲವತ್ತೊಂಬತ್ತು.
ಅದರ ವರ್ಗಮೂಲ, ಏಳು.
ಏಳು ಜನ ಕಣ್ಣು ಮುಚ್ಚಿ ಕೂತರೆ
ಕಳವು ತಾನಾಗಿ ಇಳಿಯುತ್ತದೆ ಅಂದರು ಐತಾಳರು,
ರಿಫೈನರಿಯಲ್ಲಿ ಲೋಹ ಪರೀಕ್ಷೆ ಮಾಡಿ ನಿವೃತ್ತರಾದವರು,
ಇಸ್ತ್ರಿ ಅಂಗಿಯ ಜೇಬಲ್ಲಿ ಎರಡು ಪೆನ್ನು.

ಗೇಟಿನ ಕೋಣೆಯಲ್ಲಿ ರಿಜಿಸ್ಟರ್ ಬರೆಯುವವ ನಾನು.
ಕೆಂಪು ಬೈಂಡು ಕಳವಿಗೆ, ನೀಲಿ ಹೊಡೆದಾಟಕ್ಕೆ.
ಚಾರ್ಜರ್, ಒಣಹಾಕಿದ ಪ್ಯಾಂಟು, ಹಲ್ಲುಜ್ಜುವ ಪೇಸ್ಟು,
ಒಮ್ಮೆ ಇಡೀ ಪ್ರೆಶರ್ ಕುಕ್ಕರ್, ಒಳಗಿನ ಬೇಳೆ ಸಮೇತ.

ಟಿವಿ ಕೋಣೆಯ ಕುರ್ಚಿ ಸರಿಸಿ ಕೂತರು, ದಿನಾ ಎರಡು ಹೊತ್ತು.
ತಿಂಗಳು ಕಳೆದ ಮೇಲೆ ಕೆಂಪು ಬೈಂಡು ಕೇಳಿ ಒಯ್ದರು,
ಗ್ರಾಫ್ ಹಾಳೆಯ ಜೊತೆ ವಾಪಸು ತಂದರು.
ಮೂವತ್ತೊಂದು, ಇಪ್ಪತ್ತೊಂಬತ್ತು, ಮೂವತ್ತನಾಲ್ಕು,
ಆಮೇಲೆ ಹನ್ನೆರಡು.
ಬ್ರೇಕಿಲ್ಲದ ಸೈಕಲ್ಲು ಘಾಟಿ ಇಳಿದ ಹಾಗೆ ಇಳಿದಿತ್ತು ಗೆರೆ.
"ವಿಜ್ಞಾನ, ಖಾರ್ವಿಯವರೇ. ನಂಬಿಕೆಯ ಮಾತಲ್ಲ."

ನಾನು ಓದಿದ್ದು ಪಿಯುಸಿ, ಅದರಲ್ಲೂ ಲೆಕ್ಕ ಬಾಕಿ.
ಆದರೆ ಆ ಪುಟಗಳ ಅಕ್ಷರ ನನ್ನದು.
ಆ ತಿಂಗಳು ಆರುನೂರು ಜನರನ್ನು ದುಕ್ಮ್ ಬಸ್ಸು ಹತ್ತಿಸಿದ್ದರು.
(ಆರುನೂರು ಕಳೆದರೆ ವರ್ಗಮೂಲ ಆರೂವರೆ.
ಕೂತ ಏಳರಲ್ಲಿ ಅರ್ಧ ಮನುಷ್ಯ ಯಾರು?)
ರಂಜಾನ್ ಬೇರೆ, ಸಹರಿಯವರೆಗೆ ಯಾವ ಕೋಣೆಯೂ ಮಲಗುತ್ತಿರಲಿಲ್ಲ.
ಹದಿನಾಲ್ಕರಿಂದ ಒಂಬತ್ತು ದಿನ ನನ್ನ ಮೈತುಂಬ ಸೀತಾಳೆ ಸಿಡುಬು,
ನನ್ನ ಕುರ್ಚಿಯಲ್ಲಿ ಟೇಕ್ ಬಹಾದೂರ್.
ಒಳ್ಳೆಯವನು. ದೂರು ಕೇಳುತ್ತಾನೆ, ತಲೆಯಾಡಿಸುತ್ತಾನೆ,
ಚಹಾ ಕೊಟ್ಟು ಕಳಿಸುತ್ತಾನೆ. ಬರೆಯುವುದಿಲ್ಲ.

ರಸ್ತೆಯಾಚೆಯ ಕ್ಯಾಂಪಿಗೆ ಫೋನು ಮಾಡಿದೆ.
ಗುಲ್ ಜಮಾನ್ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವ ಸದ್ದು ಕೇಳಿಸಿತು.
ಅಲ್ಲೂ ಇಳಿದಿತ್ತು, ನಮಗಿಂತ ಎರಡು ಹೆಚ್ಚೇ.
ಅಲ್ಲಿ ಯಾರೂ ಕೂತಿರಲಿಲ್ಲ.

ಹೇಳಿದೆ. ಐತಾಳರು ನಕ್ಕರು.
ಶಾಂತಿಗೆ ಬೇಲಿ ಹಾಕಲಾಗುತ್ತದೆಯೇ, ರಸ್ತೆ ದಾಟಿ ಹೋಗಿದೆ.
ಮತ್ತೆ, ಏರಿದ್ದರೆ?
ಆಗ ಒಳಗಿನ ಕೊಳೆ ಹೊರಬೀಳುತ್ತಿದೆ ಅಂತ.

ಗಂಗೊಳ್ಳಿಯಲ್ಲಿ ಒಬ್ಬ ತಂಡೇಲನಿದ್ದ,
ಮೀನು ಬಿದ್ದರೆ ತನ್ನ ಬಲೆಯ ಗುಣ,
ಬೀಳದಿದ್ದರೆ ಕಡಲಿನ ದೋಷ ಅನ್ನುವವ.
ನಮ್ಮಪ್ಪ ಅವನ ದೋಣಿಗೆ ಎರಡನೇ ಸಲ ಹತ್ತಲಿಲ್ಲ.

ಇನ್ನೊಂದಿದೆ, ಅದನ್ನು ಅವರ ಮುಖ ನೋಡಿ ಹೇಳಲಾಗಲಿಲ್ಲ,
ನೆಲ ನೋಡಿ ಹೇಳಿದೆ:
ಆ ತಿಂಗಳು, ಅದರ ಹಿಂದಿನ ತಿಂಗಳು, ಸಂಬಳ ಬಂದಿರಲಿಲ್ಲ.
ಕದಿಯಲು ಯಾರ ಜೇಬಲ್ಲೂ ಏನೂ ಉಳಿದಿರಲಿಲ್ಲ ಸಾರ್.
ನಾಲ್ಕು ಸಾವಿರದ ಮುನ್ನೂರು ಜನರ ಅರವತ್ತು ದಿನ
ಯಾರೋ ಒಯ್ದದ್ದನ್ನು ಎಲ್ಲಿ ಬರೆಯಲಿ,
ಕೆಂಪಿನಲ್ಲೋ, ನೀಲಿಯಲ್ಲೋ?
ಅದು ನಿಮ್ಮ ಗೆರೆಯ ಮೇಲಿದೆಯೋ ಕೆಳಗೋ?

ಅವರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಹಾಕಿದರು.
"ಒಮ್ಮೆ ಬಂದು ಕೂತು ನೋಡಿ," ಅಂದರು, ಮೆಲ್ಲಗೆ.

ಕೂತೆ. ಎಂಟನೆಯವನಾಗಿ, ಲೆಕ್ಕ ಕೆಡಿಸಿ.
ಸುಳ್ಳು ಯಾಕೆ ಹೇಳಲಿ,
ಮೊದಲು ಮೊಣಕಾಲು ನೋವು, ಆಮೇಲೆ ಎಸಿಯ ನೀರು
ಬಕೆಟ್ಟಿಗೆ ತೊಟ್ಟಿಕ್ಕುವುದು, ಆಮೇಲೆ ಅದೂ ಇಲ್ಲ.
ಎದೆಯ ಮೇಲಿನ ಯಾವುದೋ ಮೂಟೆಯನ್ನು
ಯಾರೋ ಅತ್ತ ಸರಿಸಿಟ್ಟ ಹಾಗೆ.
ಅದಕ್ಕೆ ಗ್ರಾಫ್ ಹಾಳೆ ಬೇಕಿರಲಿಲ್ಲ.
ಅದು ನನಗೆ ಆದದ್ದು, ಕ್ಯಾಂಪಿಗಲ್ಲ.

ಹೊರಗೆ ಬಂದರೆ ಬಾಗಿಲಲ್ಲಿ ಏಳು ಜೊತೆ ಚಪ್ಪಲಿ.
ನನ್ನದಿಲ್ಲ.

ಕಾದ ಸಿಮೆಂಟಿನ ಮೇಲೆ ಕುಣಿಯುತ್ತಾ ಗೇಟಿಗೆ ಬಂದು
ಹೊಸ ತಿಂಗಳ ಪುಟ ತೆರೆದೆ.
ಕ್ರಮ ಸಂಖ್ಯೆ ಒಂದು. ಕಂದು ಬಣ್ಣ, ಒಂಬತ್ತನೇ ನಂಬರು,
ಎಡಗಾಲಿನದಕ್ಕೆ ಉಂಗುಷ್ಟ ಹೊಲಿಸಿದ್ದು.
ಅನುಮಾನ ಎಂಬ ಕಾಲಂ ಬಂತು.
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.